ತವರಿನ ಮಾತ್ರೆ

ಚನ್ನಗಿರಿಯ ಷಣ್ಮುಖಪ್ಪನವರ ಅಡಿಕೆ ಮಂಡಿಯಲ್ಲಿ ದುರುಗಮ್ಮನ ಕಣ್ಣಿಗೆ ಒಂದು ಬೆಲೆಯಿತ್ತು. ರಾಶಿಯ ಮುಂದೆ ಕಾಲು ಮಡಿಸಿ ಕೂತಳೆಂದರೆ ಬಾಯಿ ಯಾವುದೋ ಊರಿನ ಸುದ್ದಿ ಹೇಳುತ್ತಿರುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ಒಳ್ಳೆಯ ಅಡಿಕೆಯನ್ನು ಒಂದು ಕಡೆಗೆ, ಬಲಿತು ಬಣ್ಣಗೆಟ್ಟದ್ದನ್ನು ಇನ್ನೊಂದು ಕಡೆಗೆ, ಒಡಕು ಹುಳುಕನ್ನು ಮತ್ತೊಂದು ಕಡೆಗೆ ತಳ್ಳುತ್ತಿರುತ್ತಿತ್ತು. “ದುರುಗಮ್ಮ ಆರಿಸಿದ ಮೇಲೆ ನಾನು ಕನ್ನಡಕ ಹಾಕ್ಕಂಡು ನೋಡೋ ಜರೂರೇ ಇಲ್ಲ ಬಿಡ್ರಿ,” ಎಂದು ಷಣ್ಮುಖಪ್ಪನವರು ವ್ಯಾಪಾರಿಗಳ ಎದುರಿಗೇ ಹೇಳುತ್ತಿದ್ದರು. ಅಕ್ಷರ ಕಲಿಯದ ದುರುಗಮ್ಮನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ.

ಜಗಳೂರು ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಅವಳಿಗೆ ಕುರಿ ಗೊತ್ತಿತ್ತು, ಶೇಂಗಾ ಗೊತ್ತಿತ್ತು. ಅಡಿಕೆಯನ್ನು ಎಲೆಯ ಜೊತೆ ತಟ್ಟೆಯಲ್ಲಿ ನೋಡಿದ್ದು ಬಿಟ್ಟರೆ ಮರದ ಮೇಲೆ ನೋಡಿದವಳಲ್ಲ. ಬಂದ ವರ್ಷವೇ ಗಂಡ ದಾಸಪ್ಪನ ಜೊತೆ ಹಸಿ ಅಡಿಕೆ ಸುಲಿಯಲು ಹೋದಳು. ಸುಲಿಯುವ ಮಿಷನ್ನು ಬಂದ ಮೇಲೆ ಆರಿಸುವ ಕೆಲಸಕ್ಕೆ ಸೇರಿದಳು. ದಾಸಪ್ಪ ತೀರಿಕೊಂಡ, ಮಗ ದುರುಗೇಶ ಬೆಳೆದು ಅದೇ ಮಂಡಿಯ ಗೂಡ್ಸ್ ಗಾಡಿಗೆ ಡ್ರೈವರಾದ. ಅವಳ ಕೈಗೆ ಅಂಟಿದ ಸುಲಿಯುವ ಚಟ ಮಾತ್ರ ಹೋಗಲಿಲ್ಲ. ಅವರೆಕಾಯಿ ಬರಲಿ, ಬೆಳ್ಳುಳ್ಳಿ ಬರಲಿ, ಚೀಲ ನೆಲಕ್ಕಿಡುವಷ್ಟರಲ್ಲಿ ಕೂತು ಸುಲಿದು ಬಿಡಬೇಕು. “ಸಿಪ್ಪೆ ಮನೇಲಿಟ್ಕಂಡು ಯಾರಿಗೆ ಬಡಿಸ್ಬೇಕು?” ಎನ್ನುವುದು ಅವಳ ಮಾತು.

ಕಳೆದ ದಸರೆಯ ಹೊತ್ತಿಗೆ, ಇದೇ ಮಂಡಿಯಲ್ಲಿ ಕೂತಿದ್ದಾಗ, ಎದೆಯ ಮೇಲೆ ಯಾರೋ ಅಡಿಕೆ ಮೂಟೆ ಇಟ್ಟಂತಾಗಿ ದುರುಗಮ್ಮ ಬೆವೆತು ಹೋದಳು. ದಾವಣಗೆರೆಯ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಬದುಕಿದಳು. ಬರುವಾಗ ಚೀಲದ ತುಂಬ ಮಾತ್ರೆ ಕೊಟ್ಟು ಕಳಿಸಿದರು: ರಕ್ತ ಹೆಪ್ಪುಗಟ್ಟದಂತೆ ಎರಡು, ಕೊಬ್ಬಿಗೆ ಒಂದು, ಬಿ.ಪಿ.ಗೆ ಒಂದು, ಎದೆಬಡಿತ ಹತೋಟಿಯಲ್ಲಿಡಲು ಒಂದು. ದುರುಗಮ್ಮ ಮನೆಗೆ ಬಂದವಳೇ ಏನು ಮಾಡಿದಳೆಂದರೆ, ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಷ್ಟೂ ಮಾತ್ರೆಗಳನ್ನು ಪಟಪಟನೆ ಹಾಳೆಯಿಂದ ಬಿಡಿಸಿ, ಬಣ್ಣ ನೋಡಿ ಗಾತ್ರ ನೋಡಿ ಬೇರೆ ಮಾಡಿ, ಹಳೆಯ ಸ್ಟೀಲಿನ ಒಗ್ಗರಣೆ ಡಬ್ಬಿಯನ್ನು ತೊಳೆದು ಒರೆಸಿ ಅದರ ಬಟ್ಟಲುಗಳಿಗೆ ತುಂಬಿಟ್ಟಳು. ಸಾಸಿವೆಯ ಬಟ್ಟಲಲ್ಲಿ ಹಳದಿ, ಜೀರಿಗೆಯ ಬಟ್ಟಲಲ್ಲಿ ಗುಲಾಬಿ. ಹಾಳೆಗಳು ಒಲೆಯ ಪಕ್ಕದ ಕಸದ ಬುಟ್ಟಿ ಸೇರಿದವು. ಪ್ರತಿ ತಿಂಗಳೂ ಹೀಗೆಯೇ ನಡೆಯಿತು. ಯಾರೂ ತಪ್ಪೆನ್ನಲಿಲ್ಲ. ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದಳಲ್ಲ, ಅದೇ ದೊಡ್ಡದು.

ಅಷ್ಟು ಹೊತ್ತಿಗೆ ಸೊಸೆ ಪುಷ್ಪಾ ಹೆರಿಗೆಗೆಂದು ಮೈಸೂರಿಗೆ ಹೋಗಿದ್ದಳು. ಅವಳ ಅಪ್ಪ ಜಗಳೂರು ಕಡೆಯವರೇ ಆದರೂ ರೈಲ್ವೆ ಕೆಲಸ ಹಿಡಿದು ಮೈಸೂರಿನಲ್ಲಿ ನಿಂತವರು. ಮಗಳನ್ನು ಕಾನ್ವೆಂಟಿನಲ್ಲಿ ಓದಿಸಿದ್ದರು. ಮದುವೆಯ ನಂತರ ಪುಷ್ಪಾ ಸಾಸ್ವೆಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಏಪ್ರಿಲ್‌ನಲ್ಲಿ ಮಗಳನ್ನು ಎತ್ತಿಕೊಂಡು ಚನ್ನಗಿರಿಗೆ ಮರಳಿದಾಗ, ಮಗುವಿನ ಜೊತೆಗೆ ಅವಳ ಭಯಗಳೂ ಬಂದವು. ಹಾಲು ಕುಡಿದ ಮಗು ಬಿಕ್ಕಿದರೆ ಭಯ, ಬಿಕ್ಕದಿದ್ದರೆ ಇನ್ನೂ ಭಯ. ಒಂದು ಸೀನಿಗೆ ಫೋನಿನಲ್ಲಿ ಹುಡುಕಿದರೆ ಹತ್ತು ರೋಗ ಸಿಗುತ್ತಿದ್ದವು.

“ಆ ಫೋನಿಟ್ಟು ಮಗೀನ ಮುಖ ನೋಡೇ,” ಎಂದು ದುರುಗೇಶ ನಗುತ್ತಿದ್ದ. “ಅದೇ ನಿನ್ನ ನೋಡಿ ನಗ್ತಾ ಐತೆ.”

ಮಗುವಿಗೆ ದುರ್ಗಾಂಬಿಕಾ ಎಂದು ಹೆಸರಿಟ್ಟಿದ್ದರು. ಕರೆಯುವುದು ಚಿನ್ನಿ ಎಂದು. ಪುಷ್ಪಾಳ ಎಲ್ಲ ಭಯಗಳ ನಡುವೆ ಒಂದೇ ಒಂದು ಧೈರ್ಯವೆಂದರೆ ಅತ್ತೆ. ಜೂನ್‌ನಲ್ಲಿ ಶಾಲೆ ಶುರುವಾದರೆ ಮಗುವನ್ನು ನೋಡಿಕೊಳ್ಳುವವರು ಅವರೊಬ್ಬರೇ. ದುರುಗಮ್ಮ ಅದಕ್ಕೆಂದೇ ಮಂಡಿಗೆ ಹೋಗುವುದನ್ನು ಬಿಟ್ಟಿದ್ದಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ನೀಡಿ, ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯುತ್ತಿದ್ದರೆ, ಚಿನ್ನಿ ಅಳುವುದು ಬಿಟ್ಟು ಕಣ್ಣು ತೇಲಿಸುತ್ತಿತ್ತು.

ಆದರೆ ಮೇ ತಿಂಗಳು ಕಳೆಯುತ್ತ ಬಂದ ಹಾಗೆ ಅತ್ತೆ ಯಾಕೋ ಮೊದಲಿನಂತಿಲ್ಲ ಎಂದು ಪುಷ್ಪಾಗೆ ಅನ್ನಿಸತೊಡಗಿತು. ಎರಡು ಕೊಡ ನೀರು ತಂದರೆ ಕಂಬಕ್ಕೆ ಒರಗುತ್ತಾರೆ. ಸುಡುಬಿಸಿಲಲ್ಲೂ ಕೈ ತಣ್ಣಗೆ. ಮಾತಾಡುತ್ತ ಮಾತಾಡುತ್ತ ತೂಕಡಿಸುತ್ತಾರೆ.

“ಅತ್ತೆ, ಹುಷಾರಿಲ್ವಾ?”

“ಏನಾಗೈತೆ ನಂಗೆ? ಬಿಸ್ಲು ಕಣವ್ವ. ನೀನು ಮೈಸೂರಿನ ನೆರಳಲ್ಲಿ ಬೆಳದಾಕಿ, ನಿಂಗೆ ಈ ಬಿಸ್ಲು ಹೆಂಗೆ ಗೊತ್ತಾಗ್ಬೇಕು.”

“ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?”

“ಒಂದು ಹೊತ್ತೂ ಬಿಟ್ಟಿಲ್ಲ. ಬೇಕಾದ್ರೆ ಡಬ್ಬಿ ಕೇಳು.”

ಡಬ್ಬಿಯನ್ನು ಪುಷ್ಪಾ ದಿನಕ್ಕೆ ಎರಡು ಸಲ ನೋಡುತ್ತಿದ್ದಳು, ಆದರೆ ಮಗುವಿನ ಕೈಗೆ ಸಿಗದಷ್ಟು ಮೇಲಿದೆಯೇ ಎಂದು ಮಾತ್ರ. ಒಳಗೇನಿದೆ ಎಂದು ತೆಗೆದು ನೋಡಿರಲಿಲ್ಲ. ಚೂಪು ಅಂಚಿನ ಮಾತ್ರೆಯ ಹಾಳೆಗಳು ಮನೆಯಲ್ಲೆಲ್ಲೂ ಬಿದ್ದಿರುವುದಿಲ್ಲ ಎಂಬುದೇ ಅವಳಿಗೆ ಒಂದು ಸಮಾಧಾನವಾಗಿತ್ತು.

ಶಾಲೆ ಶುರುವಾಗಲು ಇನ್ನೇನು ಎರಡು ವಾರವಿದೆ ಎನ್ನುವಾಗ ಅದು ನಡೆಯಿತು. ಬೆಳಗಿನ ಹೊತ್ತು. ದುರುಗಮ್ಮ ಮಗುವಿಗೆ ನೀರೆರೆಯುತ್ತಿದ್ದಳು. ಪುಷ್ಪಾ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಚೊಂಬು ಎತ್ತಿದ ಅತ್ತೆಯ ಕೈ ಅಲ್ಲೇ ನಿಂತಿತು. ಚೊಂಬು ಜಾರಿ ಠಣ್ಣೆಂದಿತು. ಅತ್ತೆ ಗೋಡೆಗೆ ವಾಲಿದರು, ಕಾಲುಗಳು ಸಡಿಲಾದವು, ಎಣ್ಣೆ ಮೈಯ ಮಗು ಮೊಣಕಾಲಿನಿಂದ ಪಕ್ಕಕ್ಕೆ ಜಾರಿತು. ಪುಷ್ಪಾ ಹೇಗೆ ಹಾರಿದಳೋ ಅವಳಿಗೇ ತಿಳಿಯದು. ಮಗು ನೆಲ ಮುಟ್ಟುವ ಮೊದಲು ಅವಳ ಟವೆಲಿನೊಳಗಿತ್ತು.

“ಅತ್ತೆ! ಅತ್ತೆ!”

ದುರುಗಮ್ಮ ಕಣ್ಣು ಬಿಟ್ಟಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೊದಲು ಕೇಳಿದ್ದು, “ಕೂಸು?”

“ನನ್ನ ಹತ್ರ ಇದೆ. ಏನೂ ಆಗಿಲ್ಲ.”

“ಬಿತ್ತೇನವ್ವ?”

“ಇಲ್ಲ ಅತ್ತೆ, ಹಿಡ್ಕೊಂಡೆ.”

ದುರುಗಮ್ಮ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಯಾರದೋ ಕೈ ಎಂಬಂತೆ. “ಇನ್ನ ನನ್ನ ಕೈಗೆ ಕೂಸು ಕೊಡಬ್ಯಾಡ,” ಎಂದಳು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕುವಾಗಲೂ ಅಳದ ಹೆಂಗಸು ಒದ್ದೆ ನೆಲದ ಮೇಲೆ ಕೂತು ಅತ್ತಳು.

ಪುಷ್ಪಾಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಹೃದಯ ಸೋತುಹೋಗಿದೆ. ಶಾಲೆ, ನೌಕರಿ ಯಾವುದೂ ಆಗ ನೆನಪಾಗಲಿಲ್ಲ. ಈ ಮನೆಯಲ್ಲಿ ಈ ಹೆಂಗಸು ಇಲ್ಲದ ಒಂದು ದಿನ ಕಣ್ಣ ಮುಂದೆ ಬಂದು ನಿಂತಿತು, ಅಷ್ಟೇ. ಅತ್ತೆಯನ್ನು ಚಾಪೆಯ ಮೇಲೆ ಮಲಗಿಸಿ, ಫೋನು ತೆಗೆದು ಹೃದಯದ ಮಾತ್ರೆಗಳ ಅಡ್ಡಪರಿಣಾಮ ಹುಡುಕಿದಳು. ತಲೆಸುತ್ತು, ಸುಸ್ತು, ತಣ್ಣನೆಯ ಕೈಕಾಲು, ಎಲ್ಲ ಅಲ್ಲೇ ಇತ್ತು. ದುರುಗೇಶ ಗಾಡಿ ಬಿಟ್ಟು ಓಡಿ ಬಂದಾಗ ಅವಳು ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

“ಇವೆಲ್ಲ ಇವತ್ತಿಂದ ಬಂದ್. ಮಾತ್ರೆಗಳೇ ಅತ್ತೇನ ತಿಂತಾ ಇವೆ.”

“ಹುಚ್ಚು ಹಿಡೀತೇನೇ? ಡಾಕ್ಟರ್ನ ಕೇಳದೆ ಹೆಂಗೆ ಬಿಡ್ಸಾಕಾಗ್ತೈತೆ?” ಎಂದು ದುರುಗೇಶ ಆಸ್ಪತ್ರೆಗೆ ಫೋನು ಹಚ್ಚಿದ.

ಅತ್ತ ಕಡೆಯ ನರ್ಸಮ್ಮ ಗಾಬರಿ ಮಾಡಲಿಲ್ಲ, ಗದರಲೂ ಇಲ್ಲ. ನಿಮ್ಮಷ್ಟಕ್ಕೆ ನೀವು ಒಂದನ್ನೂ ನಿಲ್ಲಿಸಬೇಡಿ, ಸ್ಟೆಂಟ್ ಹಾಕಿದವರು ರಕ್ತದ ಮಾತ್ರೆ ಏಕಾಏಕಿ ಬಿಟ್ಟರೆ ನಾಳ ಮತ್ತೆ ಕಟ್ಟಿಕೊಳ್ಳಬಹುದು, ತಡಮಾಡದೆ ಕರೆದುಕೊಂಡು ಬನ್ನಿ, ಮನೆಯಲ್ಲಿರುವ ಎಲ್ಲ ಮಾತ್ರೆಯನ್ನೂ ಹಾಳೆ ಸಮೇತ ತನ್ನಿ ಎಂದಳು.

ಹಾಳೆ ಎಲ್ಲಿಂದ ತರುವುದು? ಷಣ್ಮುಖಪ್ಪನವರು ಕೊಟ್ಟ ಕಾರಿನಲ್ಲಿ, ಮಡಿಲಲ್ಲಿ ಮಗು, ಮಗುವಿನ ಪಕ್ಕದಲ್ಲಿ ಒಗ್ಗರಣೆ ಡಬ್ಬಿ ಇಟ್ಟುಕೊಂಡು ಪುಷ್ಪಾ ದಾವಣಗೆರೆಗೆ ಹೊರಟಳು. ದಾರಿಯುದ್ದಕ್ಕೂ ಅತ್ತೆಯ ಮಣಿಕಟ್ಟನ್ನು ಹಿಡಿದೇ ಇದ್ದಳು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಇಷ್ಟು ದೂರವಿರುತ್ತದೆಯೇ ಎಂದು ಅವಳಿಗೆ ದಿಗಿಲು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ರಕ್ತ ತೆಗೆದರು. ಡಾಕ್ಟರು ಕರೆಯುವವರೆಗೆ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದ ಹೆಂಗಸೊಬ್ಬಳ ಕಣ್ಣು ಡಬ್ಬಿಯ ಮೇಲೆ ಬಿತ್ತು.

“ಇದೇನ್ರವ್ವ, ಆಸ್ಪತ್ರೆಗೆ ಅಡಿಗೆ ಸಾಮಾನು ಹೊತ್ಕಂಡು ಬಂದೀರಿ?”

ಅಷ್ಟು ಸುಸ್ತಿನಲ್ಲೂ ದುರುಗಮ್ಮ ಸುಮ್ಮನಿರಲಿಲ್ಲ. “ಡಾಕ್ಟರಿಗೆ ಒಗ್ಗರಣೆ ಹಾಕಾಕೆ ಕಣ್ರೀ.”

ಪುಷ್ಪಾ ನಕ್ಕುಬಿಟ್ಟಳು. ನಕ್ಕದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂದು ಮತ್ತೆ ಅತ್ತೆಯ ಮಣಿಕಟ್ಟು ಹಿಡಿದಳು.

ಡಾಕ್ಟರ್ ರೇಣುಕಪ್ರಸಾದ್ ಇಸಿಜಿ ಕಾಗದವನ್ನು ಎರಡು ಸಲ ನೋಡಿದರು. “ನಾಡಿ ಬಹಳ ನಿಧಾನ ಆಗಿದೆ. ನಲವತ್ತರ ಆಸುಪಾಸು. ನಾನು ಕೊಟ್ಟ ಮಾತ್ರೆಗೆ ಇಷ್ಟು ಇಳೀಬಾರದು. ಎಲ್ಲಿ, ತಂದಿದ್ದೀರಾ?”

ಪುಷ್ಪಾ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಮುಚ್ಚಳ ತೆಗೆದು ಬಟ್ಟಲುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, “ಅರಿಶಿಣ ಎಲ್ಲಮ್ಮ, ಕಾಣಿಸ್ತಿಲ್ಲ?” ಎಂದರು. ದುರುಗೇಶ ತಲೆ ತಗ್ಗಿಸಿದ. ದುರುಗಮ್ಮ ಮಾತ್ರ ಹೆಮ್ಮೆಯಿಂದಲೇ ಹೇಳಿದಳು: “ಸುಲಿದು ಆರಿಸಿ ಇಟ್ಟೀನಿ ಸಾರ್. ಒಂದಕ್ಕೊಂದು ಬೆರಕೆ ಇಲ್ಲ.”

“ಬೆರಕೆ ಇಲ್ಲ, ಒಪ್ಪಿದೆ. ಆದ್ರೆ ಹೆಸರೂ ಇಲ್ವಲ್ಲಮ್ಮ. ಗಾಳಿ, ತೇವ ತಾಗಿದ್ರೆ ಕೆಲವು ಮಾತ್ರೆ ಸತ್ವ ಕಳ್ಕೊಳ್ತವೆ. ಹಾಳೆ ಇದ್ರೆ ಹೆಸರು, ತಾರೀಖು ಎಲ್ಲ ಇರುತ್ತೆ.” ಡಾಕ್ಟರು ಮಾತಾಡುತ್ತಲೇ ಬಟ್ಟಲುಗಳನ್ನು ಲೆಕ್ಕ ಹಾಕಿದರು. ತಮ್ಮ ಚೀಟಿಯನ್ನು ನೋಡಿದರು. ಮತ್ತೆ ಬಟ್ಟಲು ನೋಡಿದರು. “ನಾನು ಬರೆದಿದ್ದು ಐದು ಥರ. ಇಲ್ಲಿ ಆರು ಇದಾವೆ. ಈ ಬಿಳಿ ಉದ್ದನೇದು ಯಾವುದು?”

ದುರುಗೇಶ ಪುಷ್ಪಾಳನ್ನು ನೋಡಿದ, ಪುಷ್ಪಾ ದುರುಗೇಶನನ್ನು ನೋಡಿದಳು. ಪ್ರತಿ ತಿಂಗಳು ಮಾತ್ರೆ ತರುವವನು ಅವನೇ. ಉದ್ದನೆಯ ಬಿಳಿ ಮಾತ್ರೆಯನ್ನು ಅವನು ತಂದಿರಲಿಲ್ಲ.

ದುರುಗಮ್ಮ ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. “ಅದು ನನ್ನ ತವರಿಂದು,” ಎಂದಳು.

“ತವರಿಂದು ಅಂದ್ರೆ?”

“ನನ್ನ ತಮ್ಮ ತಿಮ್ಮೇಶ ಕಳ್ಸೋದು. ಜಗಳೂರಿಂದ.”

ಕೇಳಿ ಕೇಳಿ ಬಿಡಿಸಿದಾಗ ಹೊರಬಂದ ಕಥೆ ಹೀಗಿತ್ತು. ಯುಗಾದಿಗೆ ದುರುಗಮ್ಮ ತವರಿಗೆ ಹೋಗಿದ್ದಳು. ಸ್ಟೆಂಟ್ ಹಾಕಿಸಿಕೊಂಡ ವಿಷಯವನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಗಂಡನ ಮನೆಯ ಕಷ್ಟವನ್ನು ಹಬ್ಬದ ದಿನ ತವರಿನ ಹೊಸ್ತಿಲೊಳಗೆ ಒಯ್ಯಬಾರದು ಎಂದು ಅವಳ ತಾಯಿ ಕಲಿಸಿದ್ದಳು. ಅದೂ ಅಲ್ಲದೆ ತಿಮ್ಮೇಶ ಅಕ್ಕನಿಗೆ ಏನಾದರೂ ಆಯಿತೆಂದರೆ ಕುರಿ ಹಟ್ಟಿಯನ್ನು ಹಟ್ಟಿಯ ಪಾಡಿಗೆ ಬಿಟ್ಟು ಎದ್ದು ಬರುವವನು. ದಸರೆಯಲ್ಲಿ ಆಸ್ಪತ್ರೆ ಸೇರಿದ್ದಕ್ಕೆ ‘ಗ್ಯಾಸ್ಟ್ರಿಕ್’ ಎಂದು ಹೇಳಿ ಮುಗಿಸಿದ್ದಳು. ಮಾತ್ರೆಯ ಡಬ್ಬಿ ಕಂಡರೆ ಗುಟ್ಟು ರಟ್ಟಾಗುತ್ತದಲ್ಲ? ಅದನ್ನು ಚನ್ನಗಿರಿಯಲ್ಲೇ ಬಿಟ್ಟು ಹೋಗಿದ್ದಳು. ಹಬ್ಬ ಮುಗಿದ ಮರುದಿನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ತಿಮ್ಮೇಶ ಅವಳನ್ನು ಅಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದ. ಮೊದಲಿಂದ ಏನಾದರೂ ಮಾತ್ರೆ ತಗೊಳ್ತೀರಾ ಎಂದು ಅವರು ಕೇಳಿದರು. ತಮ್ಮ ಪಕ್ಕದಲ್ಲೇ ನಿಂತಿದ್ದ. ಇಲ್ಲ ಎಂದಳು.

“ಅವ್ರು ಕೊಟ್ಟ ಮಾತ್ರೆ ತಗಂಡೆ, ಎದೆ ನಿಂತ್ಕಂತು,” ಎಂದಳು ದುರುಗಮ್ಮ.

“ನಿಂತ್ಕಂತು ಅನ್ಬ್ಯಾಡವ್ವ!” ಎಂದ ದುರುಗೇಶ.

“ಡವಡವ ನಿಂತ್ಕಂತು ಕಣೋ. ಅವತ್ತಿಂದ ತಿಮ್ಮೇಶ ಪ್ರತಿ ತಿಂಗ್ಳು ಶೇಂಗಾ ಗಂಟಿನೊಳಗಿಟ್ಟು ಬಸ್ಸಿಗೆ ಹಾಕ್ತಾನೆ. ನೀನೇ ದಾವಣಗೆರೆ ಸ್ಟ್ಯಾಂಡಲ್ಲಿ ಇಳಿಸ್ಕಂಡು ಬರ್ತೀಯಲ್ಲ, ಅದರಾಗೆ.”

ದುರುಗೇಶ ಬಾಯಿ ಬಿಟ್ಟುಕೊಂಡು ನಿಂತ. ಆ ಗಂಟುಗಳನ್ನು ಅವನೇ ಹೊತ್ತು ತಂದಿದ್ದ; ತಾಯಿಗೆ ತವರಿಂದ ಬಂದ ಗಂಟನ್ನು ಮಗ ಬಿಚ್ಚಿ ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

“ನಮಗ್ಯಾಕೆ ಹೇಳ್ಲಿಲ್ಲ ಅತ್ತೆ?” ಎಂದಳು ಪುಷ್ಪಾ.

“ಹೇಳಿದ್ರೆ ಬಿಡು ಅಂತಿದ್ರಿ. ತಮ್ಮ ಪ್ರೀತಿಲೆ ಕಳ್ಸಿದ್ದು, ಅರಿಶಿಣ ಕುಂಕುಮ ಬಂದಂಗೆ. ಬ್ಯಾಡ ಅಂತ ಹೆಂಗೆ ಬಿಡಾಕಾಗ್ತೈತೆ? ಬಣ್ಣ ಬ್ಯಾರೆ, ಉದ್ದ ಬ್ಯಾರೆ. ಅದರ ಕೆಲಸನೂ ಬ್ಯಾರೆ ಅಂದ್ಕಂಡೆ.”

ತಿಮ್ಮೇಶನಿಗೆ ಫೋನು ಮಾಡಿ, ಮಾತ್ರೆಯ ಹಾಳೆಯ ಫೋಟೋ ಕಳಿಸಲು ಹೇಳಿ ಎಂದರು ಡಾಕ್ಟರು. ದುರುಗೇಶ ಸ್ಪೀಕರ್ ಹಾಕಿ ಹಚ್ಚಿದ. ಮುಂದಿನ ತಿಂಗಳ ಮಾತ್ರೆಯನ್ನು ತಿಮ್ಮೇಶ ಆಗಲೇ ತಂದಿಟ್ಟಿದ್ದ.

“ಯಾಕಳಿಯಾ, ಫೋಟೋ ಯಾಕೆ? ಎಲ್ಲಿದೀರಿ?”

“ಆಸ್ಪತ್ರೇಲಿ ಮಾವ. ಅವ್ವಂಗೆ ತಲೆಸುತ್ತು ಬಂದಿತ್ತು.”

“ಗ್ಯಾಸ್ಟ್ರಿಕ್ಕಾ?”

ದುರುಗೇಶ ಫೋನನ್ನು ತಾಯಿಯ ಕಡೆಗೆ ಹಿಡಿದ. ದುರುಗಮ್ಮ ಫೋನನ್ನೇ ನೋಡುತ್ತಿದ್ದಳು. ಕೊನೆಗೆ ಅವಳೇ ಬಾಗಿ ಹೇಳಿದಳು: “ಗ್ಯಾಸ್ಟ್ರಿಕ್ಕಲ್ಲ ತಿಮ್ಮ. ಹಾರ್ಟು. ದಸರೆಗೇ ಸ್ಟೆಂಟ್ ಹಾಕ್ಯಾರ.”

ಅತ್ತಲಿಂದ ಕುರಿಗಳ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, “ದಸರೆಗಾ? ನಾನು ಯುಗಾದೀಲಿ ಹೋಳಿಗೆ ಮೇಲೆ ತುಪ್ಪ ಸುರಿದ್ನಲ್ಲೇ ಅಕ್ಕ! ಆಗಾದ್ರೂ ಹೇಳಬಾರದಾ?”

“ತುಪ್ಪ ಚೆನ್ನಾಗಿತ್ತು ಬಿಡು,” ಎಂದಳು ದುರುಗಮ್ಮ, ಕಣ್ಣೊರೆಸಿಕೊಳ್ಳುತ್ತ.

ಫೋಟೋ ಬಂತು. ಡಾಕ್ಟರು ಅದನ್ನು ಬೆರಳಿಂದ ಹಿಗ್ಗಿಸಿ, ಕಂಪನಿಯ ದಪ್ಪಕ್ಷರದ ಹೆಸರಿನ ಕೆಳಗಿದ್ದ ಸಣ್ಣಕ್ಷರವನ್ನು ಪುಷ್ಪಾಳಿಗೆ ತೋರಿಸಿದರು. ಮೆಟೊಪ್ರೊಲಾಲ್ ಎಂದಿತ್ತು. ಆಮೇಲೆ ತಮ್ಮ ಚೀಟಿಯ ಮೇಲೆ ಬೆರಳಿಟ್ಟರು. ಅಲ್ಲೂ ಅದೇ ಇತ್ತು.

“ಕಂಪನಿ ಬೇರೆ, ಬಣ್ಣ ಬೇರೆ, ಒಳಗಿನ ಔಷಧಿ ಒಂದೇ. ಎದೆಬಡಿತ ತಗ್ಗಿಸೋದೇ ಇದರ ಕೆಲಸ. ಒಂದು ಪಾಲು ತಗೊಂಡ್ರೆ ಹೃದಯಕ್ಕೆ ಆರಾಮ. ಇವರು ಎರಡು ತಿಂಗಳಿಂದ ಎರಡು ಪಾಲು ತಗೊಳ್ತಿದಾರೆ. ಹೃದಯ ತೂಕಡಿಸದೆ ಇನ್ನೇನು ಮಾಡುತ್ತೆ?”

“ಅಂದ್ರೆ... ಹೃದಯ ಸೋತಿಲ್ವಾ ಡಾಕ್ಟ್ರೇ?”

“ಇಲ್ಲಮ್ಮ. ಎಕೋ ಮಾಡಿಸಿ ನೋಡ್ತೀನಿ, ಆದ್ರೆ ಇಸಿಜಿಯಲ್ಲಿ ಹೊಸ ತೊಂದರೆ ಏನೂ ಕಾಣಿಸ್ತಿಲ್ಲ.”

“ಸ್ಟೆಂಟ್ ಕಟ್ಟಿಕೊಂಡಿರಬಹುದಾ?”

“ಆ ಲಕ್ಷಣ ಇಲ್ಲ.”

“ಹಾಗಾದ್ರೆ ಹೃದಯ...”

“ಪುಷ್ಪಾ,” ಎಂದ ದುರುಗೇಶ, “ಅವ್ರು ಹೇಳಿದ್ರಲ್ಲ.”

ಆಗ ಪುಷ್ಪಾ ಕುರ್ಚಿ ಎಳೆದುಕೊಂಡು ಕೂತಳು. ಬೆಳಗಿನಿಂದ ತಡೆದಿದ್ದ ಅಳು ಈಗ ಬಂತು, ಎಲ್ಲ ಸರಿಹೋಗುತ್ತದೆ ಎಂದು ತಿಳಿದ ಮೇಲೆ. ಚಿನ್ನಿ ಅವಳ ಮೂಗನ್ನು ಹಿಡಿದು ಎಳೆಯುತ್ತಿತ್ತು.

ಎಕೋ ಮಾಡಿಸಿದರು. ಡಾಕ್ಟರು ಹೇಳಿದಂತೆಯೇ ಇತ್ತು. ಒಂದು ದಿನ ಮಾನಿಟರಿಗೆ ಹಾಕಿ ಇಟ್ಟುಕೊಂಡರು. ಎದೆಬಡಿತದ ಮಾತ್ರೆಯನ್ನಷ್ಟೇ ತಡೆದು, ನಾಡಿ ಏರಿದ ಮೇಲೆ ತಮ್ಮದೊಂದನ್ನು ಮತ್ತೆ ಶುರು ಮಾಡಿದರು. ರಕ್ತದ ಮಾತ್ರೆಗಳನ್ನು ಒಂದು ಹೊತ್ತೂ ಬಿಡಿಸಲಿಲ್ಲ. ಮರುದಿನ ರೌಂಡ್ಸಿಗೆ ಬಂದಾಗ ಡಾಕ್ಟರು ಮಂಚದ ಅಂಚಿಗೇ ಕೂತರು.

“ನೋಡಿ ದುರುಗಮ್ಮ, ಯುಗಾದೀಲಿ ನಿಮ್ಮ ಎದೆ ಯಾಕೆ ಹೊಡ್ಕೊಂತು ಗೊತ್ತಾ? ಮಾತ್ರೆ ಏಕ್‌ದಂ ಬಿಟ್ರಲ್ಲ, ಅದಕ್ಕೆ. ಊರಿಗೆ ಹೋದ್ರೆ ಸೀರೆ ಮರೀರಿ, ಮಾತ್ರೆ ಮರೀಬೇಡಿ. ಇನ್ನು ಯಾವ ಡಾಕ್ಟರ ಹತ್ರ ಹೋದ್ರೂ, ಹಲ್ಲಿನ ಡಾಕ್ಟರೇ ಆಗ್ಲಿ, ಎಲ್ಲ ಮಾತ್ರೆ ಒಂದೇ ಚೀಲದಲ್ಲಿ ಒಯ್ದು ಮೇಜಿನ ಮೇಲೆ ಸುರೀಬೇಕು.”

“ಮೊಣಕಾಲು ನೋವಿಗೆ ಅಂಗಡೀಲಿ ತಗಂತೀನಲ್ಲ, ಅದೂನಾ?”

ಪುಷ್ಪಾ ಬೆಚ್ಚಿದಳು. ಡಾಕ್ಟರು ಹಣೆ ಒತ್ತಿಕೊಂಡರು. “ಅದೂನೂ. ಅದನ್ನ ಕೇಳದೆ ತಗೊಳ್ಳೋದೇ ಬೇಡ. ನಿಮ್ಮ ರಕ್ತದ ಮಾತ್ರೆ ಜೊತೆ ಸೇರಿ ಹೊಟ್ಟೇಲಿ ರಕ್ತಸ್ರಾವ ಆಗಬಹುದು. ನೋವಿಗೆ ನಾನೇ ಬೇರೆ ಕೊಡ್ತೀನಿ.”

“ಒಂದು ಹೊತ್ತು ಮರೆತ್ರೆ, ಇನ್ನೊಂದು ಹೊತ್ತಿಗೆ ಎರಡು ನುಂಗಿದ್ರೆ ಸರಿ ಹೋಗ್ತೈತಾ?”

“ಸರಿ ಹೋಗಲ್ಲ, ಈಗ ಆದಂಗೇ ಆಗುತ್ತೆ. ಎರಡು ಯಾವತ್ತೂ ನುಂಗಬೇಡಿ. ಗೊತ್ತಾಗ್ಲಿಲ್ಲ ಅಂದ್ರೆ ಫೋನ್ ಮಾಡಿ ಕೇಳಿ.”

“ಮತ್ತೆ ಅಂಗಡಿಯೋನು ಬ್ಯಾರೆ ಬಣ್ಣದ್ದು ಕೊಟ್ರೆ?”

“ಹಳೇದರ ಬದಲಿಗೋ, ಹಳೇದರ ಜೊತೆಗೋ ಅಂತ ಅವನನ್ನೇ ಕೇಳಿ. ಕೇಳೋಕೆ ನಾಚ್ಕೋಬೇಡಿ.”

ದುರುಗಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಡಾಕ್ಟರು ಹೋದ ಮೇಲೆ ಸೊಸೆಯ ಕಡೆ ತಿರುಗಿ, “ನನ್ನ ಕಣ್ಣಿಗೆ ಮಣ್ಣು ಬಿತ್ತು ನೋಡವ್ವ. ಅಡಿಕೇಲಿ ನಾನು ಯಾವತ್ತೂ ಮೋಸ ಹೋದಾಕಿ ಅಲ್ಲ,” ಎಂದಳು.

“ನನಗೆ ಓದೋಕೆ ಬರುತ್ತಲ್ಲ ಅತ್ತೆ, ನಾನೂ ಓದಲಿಲ್ಲ,” ಎಂದಳು ಪುಷ್ಪಾ. “ಫೋನಿನಲ್ಲಿ ಊರ ರೋಗ ಎಲ್ಲ ಓದಿದೆ. ಮನೆಯ ಡಬ್ಬಿ ತೆಗೆದು ನೋಡಲಿಲ್ಲ.”

ಚನ್ನಗಿರಿಗೆ ಮರಳಿದ ಸಂಜೆಗೆ ತಿಮ್ಮೇಶ ಬಂದಿಳಿದ. ಬಾಗಿಲಲ್ಲಿ ಕಾಲು ತೊಳೆಯದೆಯೇ ಜಗಳ ಶುರು ಮಾಡಿದ. “ಗ್ಯಾಸ್ಟ್ರಿಕ್ಕಂತೆ ಗ್ಯಾಸ್ಟ್ರಿಕ್ಕು! ಊರಿಗೆಲ್ಲ ಹೇಳೀನಿ, ಅಕ್ಕಂಗೆ ಗ್ಯಾಸ್ಟ್ರಿಕ್ ಅಂತ. ಜೀರಿಗೆ ಕಷಾಯ ಬೇರೆ ಹೇಳಿಕೊಟ್ಟಿದ್ದೆ!”

“ಕುಡಿದೆ ಕಣೋ. ಚೆನ್ನಾಗೇ ಇತ್ತು.”

ಅವನ ಸಿಟ್ಟು ಅಷ್ಟರಲ್ಲೇ ಸುರಿದುಹೋಯಿತು. ಅಕ್ಕನ ಕಾಲ ಬಳಿ ಕೂತು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ನಾನೇ ನಿಂಗೆ ವಿಷ ಕಳ್ಸಿದಂಗಾತಲ್ಲೇ ಅಕ್ಕ.”

ಪುಷ್ಪಾ ಕಾಫಿ ತಂದಿಡುತ್ತ, “ಹಾಗನ್ಬೇಡಿ ಮಾವ. ಅವತ್ತು ನೀವು ಡಾಕ್ಟರ ಹತ್ರ ಕರ್ಕೊಂಡು ಹೋಗದೇ ಇದ್ದಿದ್ರೆ ಏನಾಗ್ತಿತ್ತೋ. ಮಾತ್ರೆ ಒಳ್ಳೇದೇ, ಎರಡಾಯ್ತು ಅಷ್ಟೇ,” ಎಂದಳು.

“ಇನ್ಮ್ಯಾಲೆ ಏನು ಕಳಿಸ್ಲವ್ವ ನಾನು? ಬರಿಗೈಲಿ ಇರಾಕೆ ಆಗಲ್ಲ ನಂಗೆ.”

ದುರುಗಮ್ಮನೇ ದಾರಿ ಹುಡುಕಿದಳು. “ದಿನಾ ಬೆಳಿಗ್ಗೆ ಫೋನ್ ಮಾಡಿ, ಮಾತ್ರೆ ತಗಂಡ್ಯಾ ಅಂತ ಕೇಳು. ಅಷ್ಟು ಸಾಕು. ಸೊಸಿ ಕೇಳಿದ್ರೆ ಕಿರಿಕಿರಿ ಆಗ್ತೈತೆ. ನೀನು ಕೇಳಿದ್ರೆ ತವರು ಕೇಳಿದಂಗೆ.”

“ಅತ್ತೆ!” ಎಂದಳು ಪುಷ್ಪಾ.

“ಸುಳ್ಳೇನು? ನೀನು ಕೇಳೋದ್ರಾಗೆ ಅರ್ಧ ಭಯ ಇರ್ತೈತೆ. ಅದನ್ನೂ ನಾನೇ ನುಂಗಬೇಕು.”

ಮೂವರೂ ನಕ್ಕರು. ತಿಮ್ಮೇಶ ಎಲ್ಲರಿಗಿಂತ ಜೋರಾಗಿ ನಕ್ಕ.

ಮುಂದಿನ ವಾರವೆಲ್ಲ ಪುಷ್ಪಾ ನೋಡುತ್ತಲೇ ಇದ್ದಳು. ಅತ್ತೆಯ ಕೈ ಬೆಚ್ಚಗಾಯಿತು. ತೂಕಡಿಕೆ ಹೋಯಿತು, ಪಕ್ಕದ ಮನೆಯವರೊಡನೆ ನೀರಿನ ಪಾಳಿಗೆ ಒಂದು ಸಣ್ಣ ಜಗಳವನ್ನೂ ಆಡಿದರು. ಹೊಸ ಮಾತ್ರೆಗಳು ಹಾಳೆಯಲ್ಲೇ, ಒಂದೇ ಬಟ್ಟೆಯ ಚೀಲದಲ್ಲಿ, ಮೇಲಿನ ಗೂಟಕ್ಕೆ ತೂಗಿದವು. ಸುಲಿಯದೆ ಬಿಟ್ಟದ್ದನ್ನು ಕಂಡಾಗಲೆಲ್ಲ ದುರುಗಮ್ಮನ ಬೆರಳುಗಳು ಚಡಪಡಿಸುತ್ತಿದ್ದವು. ಮಗುವನ್ನು ಮಾತ್ರ ಅವಳು ತಾನಾಗಿ ಎತ್ತಿಕೊಳ್ಳಲಿಲ್ಲ. ಚಿನ್ನಿ ಎರಡೂ ಕೈ ಚಾಚಿ ಕೂಗಿದರೂ, “ನಿಮ್ಮವ್ವನ ಹತ್ರ ಹೋಗು ತಾಯಿ,” ಎಂದು ಮುಖ ತಿರುಗಿಸುತ್ತಿದ್ದಳು.

ಮತ್ತೆ ತೋರಿಸಲು ಹೋದಾಗ ಡಾಕ್ಟರು ನಾಡಿ ನೋಡಿ ಚೆನ್ನಾಗಿದೆ ಎಂದರು. ಪುಷ್ಪಾ ಕೇಳಬೇಕೆಂದಿದ್ದ ಪ್ರಶ್ನೆಯನ್ನು ದುರುಗಮ್ಮನೇ ಕೇಳಿದಳು. “ಕೂಸು ಎತ್ತಬಹುದಾ ಸಾರ್?”

“ಎತ್ತಿ. ತಲೆ ತಿರುಗಿದ್ರೆ ಕೂತ್ಕೊಳ್ಳಿ, ನಮಗೆ ಹೇಳಿ. ಎತ್ತದೇ ಇದ್ರೆ ಮಗು ಸುಮ್ಮನಿರುತ್ತಾ?”

ಪುಷ್ಪಾ ಎದ್ದು, ಡಾಕ್ಟರ ಎದುರಿಗೇ, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿದಳು. ದುರುಗಮ್ಮ ಮಗುವನ್ನು ಅವಚಿಕೊಂಡ ರೀತಿ ನೋಡಿ ಡಾಕ್ಟರು ಚೀಟಿ ಬರೆಯುವ ನೆಪದಲ್ಲಿ ತಲೆ ಬಗ್ಗಿಸಿದರು.

ಶಾಲೆಯ ಮೊದಲ ದಿನ ಪುಷ್ಪಾ ಸಾಸ್ವೆಹಳ್ಳಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಫೋನನ್ನು ಬ್ಯಾಗಿನ ತಳಕ್ಕೆ ಹಾಕಿದ್ದಳು. ಬಸವಾಪಟ್ಟಣ ದಾಟುವಷ್ಟರಲ್ಲಿ ಅದು ಹೊಡೆ‌ದುಕೊಳ್ಳತೊಡಗಿತು. ತಿಮ್ಮೇಶ.

“ಪುಷ್ಪಮ್ಮ, ಅಕ್ಕ ಫೋನ್ ಎತ್ತುತಾ ಇಲ್ಲವ್ವ. ಆವಾಗಿಂದ ಮಾಡ್ತಾ ಇದೀನಿ.”

ಪುಷ್ಪಾ ಒಂದೇ ಉಸಿರಿಗೆ ಮನೆಗೆ ಹಚ್ಚಿದಳು. ರಿಂಗಾಯಿತು, ರಿಂಗಾಯಿತು, ಇನ್ನೇನು ನಿಲ್ಲಬೇಕು ಎನ್ನುವಾಗ ಎತ್ತಿದರು.

“ಏನು?” ಎಂದಿತು ದುರುಗಮ್ಮನ ಪಿಸುದನಿ.

“ಅತ್ತೆ! ಹುಷಾರಾಗಿದ್ದೀರಾ? ಯಾಕೆ ಎತ್ತಲಿಲ್ಲ?”

“ಈಗ ತಾನೇ ಕಾಲ ಮೇಲೆ ಹಾಕ್ಕಂಡು ಮಲಗಿಸಿದ್ದೆ ಕಣೆ. ಅತ್ತಿಂದ ಅವನು, ಇತ್ತಿಂದ ನೀನು. ನೋಡು, ಕಣ್ಣು ಬಿಟ್ತು.” ಹಿನ್ನೆಲೆಯಲ್ಲಿ ಚಿನ್ನಿಯ ರಾಗ ಶುರುವಾಯಿತು. “ಮಾತ್ರೆ ತಗಂಡೀನಿ ಅಂತ ಅವನಿಗೆ ನೀನೇ ಹೇಳು. ಇಡು ಫೋನು. ಪಾಠ ಮಾಡು ಹೋಗು.”

ಫೋನು ಕಟ್ಟಾಯಿತು. ಪುಷ್ಪಾ ತಿಮ್ಮೇಶನಿಗೆ ಸುದ್ದಿ ಮುಟ್ಟಿಸಿದಳು. ಆಮೇಲೆ ಕಿಟಕಿಗೆ ತಲೆಯಾನಿಸಿ, ಗದ್ದೆಯ ಗಾಳಿಗೆ ಮುಖವೊಡ್ಡಿ, ಸಾಸ್ವೆಹಳ್ಳಿ ಬಂತೆಂದು ಕಂಡಕ್ಟರು ಎಬ್ಬಿಸುವವರೆಗೆ ನಿದ್ದೆ ಮಾಡಿದಳು.